ಕ್ರೋಶಾ: ಮೊದಲ ಸಲ ಕಡ್ಡಿ ಹಿಡಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಸ್ಟಿಚ್‌ಗಳ ಹೆಸರೆಲ್ಲ ಅಮೆರಿಕನ್ ಪದ್ಧತಿಯವು. ಅದು ಯಾಕೆ ಮುಖ್ಯ ಅನ್ನೋದು ಕೆಳಗೆ ಒಂದು ಪ್ರಶ್ನೆಯಲ್ಲಿ ಬರುತ್ತದೆ. ಓದುವಾಗ ಕಡ್ಡಿ, ದಾರ ಕೈಯಲ್ಲೇ ಇರಲಿ. ಬರೀ ಓದಿದರೆ ಅರ್ಧಕ್ಕರ್ಧ ತಲೆಗೆ ಹತ್ತುವುದಿಲ್ಲ.

ಕ್ರೋಶಾಗೂ ಸ್ವೆಟರ್ ಹೆಣಿಗೆಗೂ ಏನು ವ್ಯತ್ಯಾಸ?

ಸ್ವೆಟರ್ ಹೆಣಿಗೆಗೆ ಎರಡು ಕಡ್ಡಿ ಬೇಕು, ಮತ್ತು ಒಂದಿಡೀ ಸಾಲಿನ ಕುಣಿಕೆಗಳೆಲ್ಲ ಕಡ್ಡಿಯ ಮೇಲೇ ಇರುತ್ತವೆ. ಒಂದು ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗುತ್ತದೆ. ಕ್ರೋಶಾಗೆ ತುದಿಯಲ್ಲಿ ಕೊಕ್ಕೆ ಇರುವ ಒಂದೇ ಕಡ್ಡಿ. ಪ್ರತಿ ಸ್ಟಿಚ್ಚನ್ನೂ ಅಲ್ಲೇ ಮುಗಿಸಿ ಮುಂದೆ ಹೋಗುವುದರಿಂದ ಯಾವಾಗ ನೋಡಿದರೂ ಕಡ್ಡಿಯ ಮೇಲೆ ಬಾಕಿ ಉಳಿಯುವುದು ಒಂದೇ ಕುಣಿಕೆ. ಕೆಲಸ ಅರ್ಧಕ್ಕೆ ಬಿಟ್ಟು ಏಳಬೇಕಾದರೆ ಆ ಕುಣಿಕೆಗೆ ಒಂದು ಸೇಫ್ಟಿ ಪಿನ್ ಹಾಕಿದರೆ ಸಾಕು. ಹೊಸಬರಿಗೆ ಕ್ರೋಶಾ ಸುಲಭ ಅನ್ನಿಸುವುದು ಇದರಿಂದಲೇ. ಕ್ರೋಶಾ ಬಟ್ಟೆ ಹೆಣಿಗೆಗಿಂತ ದಪ್ಪ, ಅಷ್ಟಾಗಿ ಹಿಗ್ಗುವುದಿಲ್ಲ. ಮೈಗೆ ಅಂಟಿಕೊಳ್ಳುವ ಸ್ವೆಟರ್‌ಗಿಂತ ಚೀಲ, ಮ್ಯಾಟ್, ಗೊಂಬೆ, ಲೇಸು, ತೋರಣಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಏನೇನು ಕೊಳ್ಳಬೇಕು?

4 ಅಥವಾ 4.5 ಮಿ.ಮೀ. ಅಲ್ಯೂಮಿನಿಯಂ ಕಡ್ಡಿ ಒಂದು, ತಿಳಿ ಬಣ್ಣದ 8 ಪ್ಲೈ (ಮಧ್ಯಮ ದಪ್ಪದ) ಅಕ್ರಿಲಿಕ್ ಉಲ್ಲನ್ 100 ಗ್ರಾಂ, ಕತ್ತರಿ, ದೊಡ್ಡ ಕಣ್ಣಿನ ಮೊಂಡು ತುದಿಯ ಸೂಜಿ, ಅಳತೆ ಟೇಪು, ನಾಲ್ಕೈದು ಸೇಫ್ಟಿ ಪಿನ್. ಇಷ್ಟೇ. ಹದಿನೈದು ಇಪ್ಪತ್ತು ಕಡ್ಡಿಗಳ ಸೆಟ್ ಅಗ್ಗಕ್ಕೆ ಸಿಗುತ್ತದೆಂದು ಮೊದಲೇ ತರಬೇಡಿ. ಅಂಥ ಸೆಟ್‌ಗಳಲ್ಲಿ ಕೊಕ್ಕೆಯ ಒಳಗೆ ಒರಟು ಉಳಿದು ದಾರದ ಎಳೆ ಸಿಕ್ಕಿಕೊಳ್ಳುವುದು ಸಾಮಾನ್ಯ. ಕೊಳ್ಳುವ ಮುಂಚೆ ಕೊಕ್ಕೆಯ ಮೇಲೆ ಉಗುರು ಎಳೆದು ನೋಡಿ. ಉಗುರಿಗೆ ತಡೆದರೆ ದಾರಕ್ಕೂ ತಡೆಯುತ್ತದೆ.

ಕಡ್ಡಿಯ ಅಳತೆಯನ್ನು ಮಿಲಿಮೀಟರ್‌ನಲ್ಲೇ ಕೇಳಿ. ನಂಬರಿನಲ್ಲಿ ಕೇಳಿದರೆ ಗೊಂದಲ ಗ್ಯಾರಂಟಿ. ಅಮೆರಿಕನ್ ಅಲ್ಯೂಮಿನಿಯಂ ಕಡ್ಡಿಗೆ ಅಕ್ಷರ ಮುಂದೆ ಹೋದಷ್ಟೂ ದಪ್ಪ ಹೆಚ್ಚು: ಜಿ ಅಂದರೆ 4 ಮಿ.ಮೀ., ಎಚ್ ಅಂದರೆ 5 ಮಿ.ಮೀ. ಲೇಸಿಗೆ ಬಳಸುವ ಸ್ಟೀಲ್ ಕಡ್ಡಿಯಲ್ಲಿ ಇದು ಉಲ್ಟಾ, ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಣ್ಣ.

ಕಡ್ಡಿಯ ಯಾವ ಭಾಗ ಏನು ಮಾಡುತ್ತದೆ?

ತುದಿ ದಾರದ ಒಳಗೆ ನುಗ್ಗುತ್ತದೆ, ಕೊಕ್ಕೆ ದಾರ ಹಿಡಿಯುತ್ತದೆ. ಕೊಕ್ಕೆಯ ಕೆಳಗೆ ಸ್ವಲ್ಪ ಸಣ್ಣಗಾಗುವ ಕುತ್ತಿಗೆ ಇದೆ. ಅದರ ಆಚೆಗೆ ಒಂದೇ ಸಮ ದಪ್ಪ ಇರುವ ಕಾಂಡ. ಆಮೇಲೆ ಹೆಬ್ಬೆರಳಿಡುವ ಚಪ್ಪಟೆ ಜಾಗ. ಸ್ಟಿಚ್ಚಿನ ಗಾತ್ರ ಗೊತ್ತುಮಾಡುವುದು ಕಾಂಡ. ಹೊಸಬರು ಕುಣಿಕೆಯನ್ನು ಕುತ್ತಿಗೆಯಲ್ಲೇ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ಆಗ ಕುಣಿಕೆ ಕುತ್ತಿಗೆಯ ಅಳತೆಗೆ ಬಿಗಿಯಾಗಿ, ಮುಂದಿನ ಸಾಲಿನಲ್ಲಿ ಕಡ್ಡಿ ಒಳಗೇ ಹೋಗುವುದಿಲ್ಲ. ಪ್ರತಿ ಸಲ ದಾರ ಎಳೆದ ಮೇಲೆ ಕುಣಿಕೆಯನ್ನು ಕಾಂಡದವರೆಗೆ ಜರುಗಿಸಿ. “ನನ್ನ ಕೈ ಬಿಗಿ” ಅನ್ನುವವರಲ್ಲಿ ಹೆಚ್ಚಿನವರ ತೊಂದರೆ ಇಷ್ಟಕ್ಕೇ ತೀರುತ್ತದೆ.

ತಿಳಿ ಬಣ್ಣವೇ ಯಾಕೆ? ನನಗೆ ಕಪ್ಪು ಇಷ್ಟ.

ಕಪ್ಪು, ಕಡು ನೀಲಿ, ಮೆರೂನ್ ದಾರದಲ್ಲಿ ಸ್ಟಿಚ್ಚು ಕಾಣುವುದಿಲ್ಲ. ರಾತ್ರಿ ಬಲ್ಬಿನ ಬೆಳಕಲ್ಲಿ ಕಲಿತವರಿಗೂ ಕಷ್ಟ. ಕ್ರೋಶಾದಲ್ಲಿ ಕೈ ಬೇಗ ಪಳಗುತ್ತದೆ, ಸ್ಟಿಚ್ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಅಂತ ಗುರುತು ಹಿಡಿಯಲು ಕಣ್ಣಿಗೆ ಹೆಚ್ಚು ದಿನ ಬೇಕು. ಹಾಗಾಗಿ ಮೊದಲ ತಿಂಗಳು ತಿಳಿ ಹಳದಿ, ತಿಳಿ ಗುಲಾಬಿ, ಕೆನೆ ಬಣ್ಣ. ವೆಲ್ವೆಟ್ ದಾರ, ರೋಮದಂಥ ದಾರ, ಒಂದೇ ಉಂಡೆಯಲ್ಲಿ ನಾಲ್ಕು ಬಣ್ಣ ಬರುವ ದಾರ, ಇವನ್ನೂ ಆಮೇಲೆ ನೋಡಿಕೊಳ್ಳಿ.

ಅಕ್ರಿಲಿಕ್ ಅಗ್ಗ, ಸ್ವಲ್ಪ ಹಿಗ್ಗುತ್ತದೆ, ಹತ್ತು ಸಲ ಬಿಚ್ಚಿದರೂ ತಡೆದುಕೊಳ್ಳುತ್ತದೆ. ಲುಧಿಯಾನಾ ಕಡೆಯ ವರ್ಧಮಾನ್, ಓಸ್ವಾಲ್, ಗಂಗಾ ದಾರಗಳು ನಮ್ಮ ಊರುಗಳ ಉಲ್ಲನ್ ಅಂಗಡಿಗಳಲ್ಲೂ ಸಿಗುತ್ತವೆ. ಹತ್ತಿ ದಾರದಲ್ಲಿ ಸ್ಟಿಚ್ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಹಿಗ್ಗುವುದಿಲ್ಲವಾದ್ದರಿಂದ ಬೆರಳು ಬೇಗ ಸೋಲುತ್ತದೆ. ಎರಡನೇ ಉಂಡೆ ಹತ್ತಿಯದಾಗಲಿ.

ಲೇಬಲ್ ಎಸೆಯಬೇಡಿ. ಅದರ ಮೇಲೆ ಯಾವ ಅಳತೆಯ ಕಡ್ಡಿ ಸರಿ, ಹೇಗೆ ಒಗೆಯಬೇಕು, ಯಾವ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ತಂಡ) ಅನ್ನೋದೆಲ್ಲ ಇರುತ್ತದೆ. ಒಂದೇ ಬಣ್ಣದ ಎರಡು ಉಂಡೆ ಬೇರೆ ಬೇರೆ ಲಾಟಿನವಾದರೆ ಅಂಗಡಿಯಲ್ಲಿ ಒಂದೇ ಥರ ಕಂಡರೂ ಮಧ್ಯಾಹ್ನದ ಬಿಸಿಲಲ್ಲಿ ಪಟ್ಟೆ ಎದ್ದು ಕಾಣುತ್ತದೆ. ದೊಡ್ಡ ಕೆಲಸಕ್ಕೆ ದಾರವನ್ನು ಒಟ್ಟಿಗೇ ಕೊಳ್ಳಿ.

ಕಡ್ಡಿ, ದಾರ ಹಿಡಿಯುವುದು ಹೇಗೆ?

ಕಡ್ಡಿಯನ್ನು ಪೆನ್ಸಿಲ್ ಹಿಡಿದಂತೆ ಹಿಡಿಯಬಹುದು, ಇಲ್ಲವೇ ಚಾಕು ಹಿಡಿದಂತೆ ಮೇಲಿನಿಂದ ಹಿಡಿಯಬಹುದು. ಎರಡೂ ಸರಿ. ದಾರ ಹಿಡಿಯುವ ಕೈಯೇ ನಿಜವಾದ ಕೆಲಸಗಾರ. ಉಂಡೆಯಿಂದ ಬರುವ ದಾರವನ್ನು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಹಾಕಿ, ನಡುವಿನ ಎರಡು ಬೆರಳ ಕೆಳಗೆ ಹಾಯಿಸಿ, ತೋರುಬೆರಳ ಮೇಲೆ ತನ್ನಿ. ತೋರುಬೆರಳು ಎತ್ತಿದರೆ ದಾರ ಬಿಗಿ, ಇಳಿಸಿದರೆ ಸಡಿಲ. ಹೆಬ್ಬೆರಳು ಮತ್ತು ಮಧ್ಯದ ಬೆರಳಿನಿಂದ ಆಗಿರುವ ಕೆಲಸವನ್ನು ಕಡ್ಡಿಯ ಪಕ್ಕದಲ್ಲೇ ಹಿಡಿದುಕೊಳ್ಳಿ. ಹೊಲಿದಂತೆಲ್ಲ ಹಿಡಿತವನ್ನೂ ಮುಂದೆ ಜರುಗಿಸಬೇಕು, ದೂರ ಹಿಡಿದರೆ ಸ್ಟಿಚ್ ಓಲಾಡುತ್ತದೆ.

ಮಳೆಗಾಲದಲ್ಲಿ, ಕರಾವಳಿಯ ಸೆಕೆಯಲ್ಲಿ ಬೆವರಿದ ಬೆರಳಿಗೆ ದಾರ ಜಾರುವುದಿಲ್ಲ. ಆಗ ಕಿರುಬೆರಳ ಸುತ್ತು ಬಿಟ್ಟು ಬರೀ ಬೆರಳ ಸಂದಿಯಲ್ಲಿ ಹಾಯಿಸಿದರೂ ನಡೆಯುತ್ತದೆ.

ಎಡಗೈಯವರು ಇದನ್ನೇ ಕನ್ನಡಿಯಲ್ಲಿ ಕಂಡಂತೆ ಮಾಡಿ. ಬಲಗೈಯವರ ಸಾಲು ಬಲದಿಂದ ಎಡಕ್ಕೆ ಹೋದರೆ ನಿಮ್ಮದು ಎಡದಿಂದ ಬಲಕ್ಕೆ. ಬರಹದ ಪ್ಯಾಟರ್ನ್ (ಒಂದು ವಸ್ತುವನ್ನು ಹೇಗೆ ಹಾಕಬೇಕು ಅನ್ನುವ ಸೂಚನೆ) ಬದಲಾಗುವುದಿಲ್ಲ. ಬಲಗೈಗೆ ಬಲವಂತವಾಗಿ ಬದಲಿಸಿಕೊಳ್ಳುವ ಅಗತ್ಯವೇ ಇಲ್ಲ.

ಮೊದಲ ಗಂಟು ಮತ್ತು ಚೈನ್ ಹಾಕುವುದು ಹೇಗೆ?

ದಾರದ ತುದಿಯಿಂದ 15 ಸೆಂ.ಮೀ. ಬಿಟ್ಟು ಒಂದು ಸುತ್ತು ಮಾಡಿ. ಉಂಡೆಯ ಕಡೆಯ ದಾರವನ್ನು ಆ ಸುತ್ತಿನೊಳಗಿಂದ ಕುಣಿಕೆಯಾಗಿ ಎಳೆಯಿರಿ. ಕುಣಿಕೆಗೆ ಕಡ್ಡಿ ತೂರಿಸಿ, ದಾರ ಎಳೆದು ಬಿಗಿಮಾಡಿ. ಕುಣಿಕೆ ಕಡ್ಡಿಯ ಮೇಲೆ ಸಲೀಸಾಗಿ ಹಿಂದೆ ಮುಂದೆ ಓಡಬೇಕು.

ಈಗ ದಾರವನ್ನು ಕಡ್ಡಿಯ ಹಿಂದಿನಿಂದ ಮೇಲೆ ಹಾಯಿಸಿ ಮುಂದಕ್ಕೆ ತನ್ನಿ. ಕೊಕ್ಕೆಯಲ್ಲಿ ಹಿಡಿದು, ಕೊಕ್ಕೆಯ ಬಾಯಿ ಕೆಳಮುಖ ಮಾಡಿ ಕುಣಿಕೆಯೊಳಗಿಂದ ಎಳೆಯಿರಿ. ಒಂದು ಚೈನ್ ಆಯಿತು. ಕೊಕ್ಕೆ ತಿರುಗಿಸದೆ ಎಳೆದರೆ ಪ್ರತಿ ಸಲವೂ ಕುಣಿಕೆಗೆ ಸಿಕ್ಕಿಕೊಳ್ಳುತ್ತದೆ.

ಇಪ್ಪತ್ತು ಚೈನ್ ಹಾಕಿ, ಬಿಚ್ಚಿ, ಮತ್ತೆ ಹಾಕಿ. ಎಲ್ಲವೂ ಒಂದೇ ಗಾತ್ರ ಕಾಣುವವರೆಗೆ ಮುಂದೆ ಹೋಗಬೇಡಿ. ಎಣಿಸುವಾಗ ಕಡ್ಡಿಯ ಮೇಲಿರುವ ಕುಣಿಕೆಯನ್ನೂ ಶುರುವಿನ ಗಂಟನ್ನೂ ಲೆಕ್ಕಕ್ಕೆ ತಗೋಬೇಡಿ. ನಡುವೆ ಕಾಣುವ ಇಂಗ್ಲಿಷ್ ವಿ ಆಕಾರಗಳು ಮಾತ್ರ ಚೈನ್. ಚೈನನ್ನು ಹಿಂದೆ ತಿರುಗಿಸಿದರೆ ಪ್ರತಿ ವಿ ಬೆನ್ನಿಗೂ ಒಂದು ಚಿಕ್ಕ ಉಬ್ಬು ಕಾಣುತ್ತದೆ. ಈ ಎರಡನ್ನೂ ಬೆರಳಿನಿಂದ ಮುಟ್ಟಿ ಗುರುತು ಮಾಡಿಕೊಳ್ಳಿ, ಮುಂದೆ ಎಲ್ಲದಕ್ಕೂ ಬೇಕಾಗುತ್ತದೆ.

ಸಿಂಗಲ್ ಕ್ರೋಶಾ ಹೇಗೆ?

15 ಸ್ಟಿಚ್ಚಿನ ಚೌಕ ಮಾಡೋಣ. 16 ಚೈನ್ ಹಾಕಿ, ಒಂದು ತಿರುಗಲಿಕ್ಕೆ.

ಕಡ್ಡಿಯಿಂದ ಎರಡನೇ ಚೈನಿಗೆ ಕಡ್ಡಿ ತೂರಿಸಿ. ದಾರ ಸುತ್ತಿ ಹೊರಗೆಳೆಯಿರಿ, ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೆ ದಾರ ಸುತ್ತಿ ಎರಡರೊಳಗಿಂದಲೂ ಎಳೆಯಿರಿ, ಒಂದು ಉಳಿಯಿತು. ಅಷ್ಟೇ. ಕೊನೆಯವರೆಗೆ ಪ್ರತಿ ಚೈನಿಗೂ ಒಂದೊಂದು. ಎಣಿಸಿ: 15 ಇರಬೇಕು.

ಈಗ 1 ಚೈನ್ ಹಾಕಿ ಕೆಲಸವನ್ನು ಪುಸ್ತಕದ ಪುಟದಂತೆ ತಿರುಗಿಸಿ. ಮೇಲಂಚಿನಲ್ಲಿ ವಿಗಳ ಸಾಲು ಮಲಗಿರುತ್ತದೆ. ಕಡ್ಡಿ ಪ್ರತಿ ವಿಯ ಎರಡೂ ಎಳೆಯ ಕೆಳಗೆ ಹೋಗಬೇಕು. ಒಂದೇ ಎಳೆಗೆ ಹಾಕಿದರೆ ಬಟ್ಟೆ ಮೇಲೆ ಗೀರಿನಂಥ ಗೆರೆ ಬೀಳುತ್ತದೆ, ಸ್ಟಿಚ್ ಸಡಿಲವಾಗುತ್ತದೆ. ಕೆಲವು ಡಿಸೈನುಗಳಿಗೆ ಅದೇ ಬೇಕು, ಈಗ ಬೇಡ. ತಿರುಗಿದ ಕೂಡಲೇ ಇರುವ ಮೊದಲ ವಿಗೇ ಮೊದಲ ಸ್ಟಿಚ್ ಹಾಕಿ. ಸಿಂಗಲ್ ಕ್ರೋಶಾದಲ್ಲಿ ತಿರುಗುವ ಚೈನು ಸ್ಟಿಚ್ಚಿನ ಲೆಕ್ಕಕ್ಕೆ ಬರುವುದಿಲ್ಲ.

ಹೀಗೆ 16-18 ಸಾಲು ಹಾಕಿದರೆ 8 ಪ್ಲೈ ದಾರದಲ್ಲಿ ಸುಮಾರು 9ರಿಂದ 10 ಸೆಂ.ಮೀ. ಚೌಕ ಬರುತ್ತದೆ. ಲೋಟ ಇಡಲು ಸಾಕು. ಆದರೆ ಅಕ್ರಿಲಿಕ್ ಚೌಕವನ್ನು ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿಬಟ್ಟೆಯಾಗಿ ಬಳಸಬೇಡಿ, ಕರಗಿ ಕೈಗೆ ಅಂಟುತ್ತದೆ. ಅದಕ್ಕೆ ದಪ್ಪ ಹತ್ತಿ ದಾರವೇ ಆಗಬೇಕು, ಎರಡು ಪದರ ಮಾಡಿ ಹೊಲಿಯಬೇಕು.

ಉಳಿದ ಸ್ಟಿಚ್‌ಗಳು?

ಎಲ್ಲವೂ ಸಿಂಗಲ್‌ನ ಮೇಲೆಯೇ ನಿಂತಿವೆ, ಎತ್ತರ ಮಾತ್ರ ಬೇರೆ.

ಹಾಫ್ ಡಬಲ್: ಮೊದಲು ದಾರ ಸುತ್ತಿ, ಆಮೇಲೆ ತೂರಿಸಿ, ದಾರ ಎಳೆಯಿರಿ. ಮೂರು ಕುಣಿಕೆ. ದಾರ ಸುತ್ತಿ ಮೂರರೊಳಗಿಂದಲೂ ಒಟ್ಟಿಗೆ ಎಳೆಯಿರಿ.

ಡಬಲ್ ಕ್ರೋಶಾ: ದಾರ ಸುತ್ತಿ, ತೂರಿಸಿ, ಎಳೆಯಿರಿ. ಮೂರು ಕುಣಿಕೆ. ದಾರ ಸುತ್ತಿ ಎರಡರೊಳಗಿಂದ, ಮತ್ತೆ ಸುತ್ತಿ ಉಳಿದೆರಡರೊಳಗಿಂದ.

ಟ್ರೆಬಲ್: ದಾರ ಎರಡು ಸಲ ಸುತ್ತಿ ತೂರಿಸಿ ಎಳೆಯಿರಿ. ನಾಲ್ಕು ಕುಣಿಕೆ. ಎರಡೆರಡಾಗಿ ಮೂರು ಸಲ.

ಸ್ಲಿಪ್ ಸ್ಟಿಚ್: ತೂರಿಸಿ, ದಾರ ಹಿಡಿದು, ಕಡ್ಡಿಯ ಮೇಲಿನ ಕುಣಿಕೆಯೊಳಗಿಂದಲೂ ಒಂದೇ ಎಳೆತಕ್ಕೆ ತನ್ನಿ. ಇದಕ್ಕೆ ಎತ್ತರವೇ ಇಲ್ಲ. ಸುತ್ತು ಮುಚ್ಚಲು, ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಬಳಸುತ್ತಾರೆ.

ಸಾಲಿನ ಶುರುವಿನಲ್ಲಿ ಆ ಎತ್ತರಕ್ಕೆ ಏರಲು ಚೈನ್ ಬೇಕು: ಸಿಂಗಲ್‌ಗೆ 1, ಹಾಫ್ ಡಬಲ್‌ಗೆ 2, ಡಬಲ್‌ಗೆ 3, ಟ್ರೆಬಲ್‌ಗೆ 4.

ಚೌಕ ಹಾಕಲು ಹೋದರೆ ತ್ರಿಕೋನ ಆಗುತ್ತಿದೆ. ಏನು ತಪ್ಪು?

ಎಲ್ಲರೂ ಕೇಳುವ ಪ್ರಶ್ನೆ ಇದು. ಉತ್ತರ ಯಾವಾಗಲೂ ಸಾಲಿನ ಎರಡು ತುದಿಗಳಲ್ಲೇ ಸಿಗುತ್ತದೆ.

ಅಗಲ ಕಡಿಮೆಯಾಗುತ್ತಿದ್ದರೆ ಸಾಲಿನ ಕೊನೆಯ ಸ್ಟಿಚ್ ಬಿಟ್ಟುಹೋಗುತ್ತಿದೆ. ಸಿಂಗಲ್‌ನಲ್ಲಿ ಕೊನೆಯ ವಿ ಅಂಚಿಗೆ ವಾಲಿ ಬಿಗಿಯಾಗಿ ಮುದುಡಿರುತ್ತದೆ, ಸಾಲು ಮುಗಿದೇಹೋಯಿತು ಅನ್ನಿಸುತ್ತದೆ. ಬೆರಳಿನಿಂದ ಅಂಚನ್ನು ಸ್ವಲ್ಪ ಹಿಗ್ಗಿಸಿ ನೋಡಿ, ಇನ್ನೊಂದು ವಿ ಅಡಗಿರುತ್ತದೆ. ಅಗಲ ಹೆಚ್ಚಾಗುತ್ತಿದ್ದರೆ ತಿರುಗುವ ಚೈನಿಗೂ ಒಂದು ಸ್ಟಿಚ್ ಹಾಕುತ್ತಿದ್ದೀರಿ, ಅಥವಾ ಒಂದೇ ವಿಗೆ ಎರಡು ಸಲ.

ಡಬಲ್ ಕ್ರೋಶಾದಲ್ಲಿ ನಿಯಮ ಬೇರೆ, ಗೊಂದಲವೂ ಹೆಚ್ಚು. ಅಲ್ಲಿ ತಿರುಗುವ 3 ಚೈನನ್ನು ಸಾಮಾನ್ಯವಾಗಿ ಮೊದಲ ಸ್ಟಿಚ್ ಎಂದೇ ಲೆಕ್ಕ ಹಿಡಿಯುತ್ತಾರೆ. ಹಾಗಾಗಿ ಅದರ ಬುಡದಲ್ಲಿರುವ ವಿಯನ್ನು ಬಿಟ್ಟು ಎರಡನೆಯದಕ್ಕೆ ಹಾಕಬೇಕು. ಸಾಲಿನ ಕೊನೆಯಲ್ಲಿ, ಹಿಂದಿನ ಸಾಲಿನ ಆ 3 ಚೈನಿನ ಮೇಲ್ತುದಿಗೂ ಒಂದು ಹಾಕಬೇಕು. ಮೊದಲನೆಯದು ಮರೆತರೆ ಒಂದು ಹೆಚ್ಚು, ಎರಡನೆಯದು ಮರೆತರೆ ಒಂದು ಕಡಿಮೆ. 15 ಡಬಲ್ ಬೇಕಾದರೆ 17 ಚೈನ್ ಹಾಕಿ ಕಡ್ಡಿಯಿಂದ ನಾಲ್ಕನೆಯದಕ್ಕೆ ಶುರುಮಾಡಿ: ಬಿಟ್ಟ ಮೂರು ಸೇರಿ ಒಂದು, ಉಳಿದ ಹದಿನಾಲ್ಕಕ್ಕೆ ಹದಿನಾಲ್ಕು.

ಮದ್ದು ಒಂದೇ. ಪ್ರತಿ ಸಾಲಿನ ಮೊದಲ ಸ್ಟಿಚ್ ಹಾಕಿದ ಕೂಡಲೇ ಅದಕ್ಕೆ ಪಿನ್ ಹಾಕಿ. ಹಿಂದಿರುಗಿ ಬಂದಾಗ ಪಿನ್ ಇರುವ ಜಾಗವೇ ಕೊನೆಯ ಸ್ಟಿಚ್. ಜೊತೆಗೆ ಪ್ರತಿ ಸಾಲೂ ಎಣಿಸಿ. ಹತ್ತು ಸಾಲಾದ ಮೇಲೆ ಎಣಿಸಿ ತಪ್ಪು ಸಿಕ್ಕರೆ ಹತ್ತೂ ಬಿಚ್ಚಬೇಕು.

ಸ್ಟಿಚ್ ಲೆಕ್ಕ ಸರಿಯಿದ್ದೂ ಬುಡ ಮಾತ್ರ ಬಿಲ್ಲಿನಂತೆ ಬಾಗಿದ್ದರೆ ಶುರುವಿನ ಚೈನ್ ಬಿಗಿಯಾಗಿದೆ ಅಂತ ಅರ್ಥ. ಚೈನನ್ನು ಮಾತ್ರ ನಿಮ್ಮದಕ್ಕಿಂತ ಅರ್ಧ ಮಿ.ಮೀ. ಹೆಚ್ಚು ದಪ್ಪದ ಕಡ್ಡಿಯಲ್ಲಿ ಹಾಕಿ, ಆಮೇಲೆ ನಿಮ್ಮ ಕಡ್ಡಿಗೆ ಬನ್ನಿ.

ಒಂದು ಪ್ಯಾಟರ್ನ್‌ನಂತೆ ಮಾಡಿದರೆ ಎರಡರಷ್ಟು ಎತ್ತರ ಬಂತು. ಯಾಕೆ?

ಅಮೆರಿಕನ್ ಮತ್ತು ಬ್ರಿಟಿಷ್ ಹೆಸರುಗಳ ಜಗಳ ಇದು. ಅಮೆರಿಕನ್ ಸಿಂಗಲ್‌ಗೆ ಬ್ರಿಟಿಷರು ಡಬಲ್ ಅನ್ನುತ್ತಾರೆ. ಅಮೆರಿಕನ್ ಹಾಫ್ ಡಬಲ್ ಅವರಿಗೆ ಹಾಫ್ ಟ್ರೆಬಲ್, ಅಮೆರಿಕನ್ ಡಬಲ್ ಅವರಿಗೆ ಟ್ರೆಬಲ್, ಅಮೆರಿಕನ್ ಟ್ರೆಬಲ್ ಅವರಿಗೆ ಡಬಲ್ ಟ್ರೆಬಲ್. ‘ಡಿಸಿ’ (ಡಬಲ್ ಕ್ರೋಶಾ) ಅನ್ನುವ ಒಂದೇ ಸಂಕ್ಷೇಪಕ್ಕೆ ಎರಡು ಎತ್ತರ.

ಪ್ಯಾಟರ್ನ್ ಯಾವ ಕಡೆಯದು ಅಂತ ತಿಳಿಯಲು ಸುಲಭದ ಗುರುತು: ಎಲ್ಲಾದರೂ ‘ಸಿಂಗಲ್ ಕ್ರೋಶಾ’ ಅಥವಾ ‘ಎಸ್‌ಸಿ’ ಕಂಡರೆ ಅದು ಅಮೆರಿಕನ್, ಬ್ರಿಟಿಷ್ ಪದ್ಧತಿಯಲ್ಲಿ ಆ ಹೆಸರೇ ಬಳಕೆಯಲ್ಲಿಲ್ಲ. ಸ್ಟಿಚ್ ಬಿಡು ಎನ್ನಲು ‘ಸ್ಕಿಪ್’ ಅಂದರೆ ಅಮೆರಿಕನ್, ‘ಮಿಸ್’ ಅಂದರೆ ಬ್ರಿಟಿಷ್. ನಮ್ಮಲ್ಲಿ ಸೀರೆ ಕುಚ್ಚು ಕಲಿಸುವವರದ್ದು ಇನ್ನೊಂದು ಭಾಷೆ: ಸಿಂಗಲ್‌ಗೆ ‘ಲಾಕ್’, ಎತ್ತರದ ಸ್ಟಿಚ್‌ಗೆ ‘ಕಂಬ’. ಕಂಬ ಎಂದಾಗ ಎಷ್ಟು ಸಲ ದಾರ ಸುತ್ತಿದರು ಅಂತ ಅವರ ಕೈ ನೋಡಿ, ಹೆಸರು ನಂಬಬೇಡಿ.

ಪ್ಯಾಟರ್ನ್ ಓದುವುದು ಹೇಗೆ?

‘ಸಿಎಚ್’ ಚೈನ್, ‘ಎಸ್‌ಎಲ್ ಎಸ್‌ಟಿ’ ಸ್ಲಿಪ್ ಸ್ಟಿಚ್, ‘ಎಚ್‌ಡಿಸಿ’ ಹಾಫ್ ಡಬಲ್. ನಕ್ಷತ್ರ ಚಿಹ್ನೆಯಿಂದ ಶುರುವಾದ ಭಾಗವನ್ನು ಹೇಳಿದಷ್ಟು ಸಲ ಮತ್ತೆ ಮಾಡಬೇಕು. ಸಾಲಿನ ಕೊನೆಯಲ್ಲಿ ಕಂಸದೊಳಗೆ ಬರೀ ಒಂದು ಸಂಖ್ಯೆ ಇದ್ದರೆ ಅದು ಆ ಸಾಲಿನ ಒಟ್ಟು ಸ್ಟಿಚ್, ನೀವು ಎಣಿಸಿ ತಾಳೆ ನೋಡಲಿಕ್ಕೆ. ಬರಹ ಓದಲು ಬೇಸರವಾದರೆ ಚಿಹ್ನೆಗಳ ಚಾರ್ಟ್ ಕಲಿಯಿರಿ: ಮೊಟ್ಟೆಯಾಕಾರ ಚೈನ್, ಇಂಟು (×) ಅಥವಾ ಕೂಡಿಸುವ (+) ಗುರುತು ಸಿಂಗಲ್, ಟಿ ಆಕಾರಕ್ಕೆ ನಡುವೆ ಒಂದು ಓರೆಗೆರೆ ಇದ್ದರೆ ಡಬಲ್, ಎರಡಿದ್ದರೆ ಟ್ರೆಬಲ್. ಗೆರೆ ಎಷ್ಟೋ ಅಷ್ಟು ಸಲ ದಾರ ಸುತ್ತುವುದು. ಜಪಾನಿನ ಪುಸ್ತಕವನ್ನೂ ಒಂದಕ್ಷರ ಜಪಾನಿ ಬರದೆ ಹೀಗೆ ಓದಬಹುದು.

ದುಂಡಗೆ ಹಾಕಿದರೆ ಬಟ್ಟಲಿನಂತೆ ಮುದುಡುತ್ತದೆ, ಇಲ್ಲವೇ ಅಲೆ ಅಲೆ ಆಗುತ್ತದೆ.

ಮುದುಡಿದರೆ ಸ್ಟಿಚ್ ಸಾಲದು, ಅಲೆಯಾದರೆ ಹೆಚ್ಚಾಗಿದೆ. ಚಪ್ಪಟೆ ವೃತ್ತಕ್ಕೆ ಲೆಕ್ಕ ಇದೆ. ಸಿಂಗಲ್ ಕ್ರೋಶಾದ ಎತ್ತರವೂ ಅಗಲವೂ ಹೆಚ್ಚುಕಡಿಮೆ ಒಂದೇ. ಪ್ರತಿ ಸುತ್ತಿಗೆ ತ್ರಿಜ್ಯ ಒಂದು ಸ್ಟಿಚ್ಚಿನಷ್ಟು ಬೆಳೆದರೆ ಪರಿಧಿ ಅದರ 6.28 ಪಟ್ಟು ಬೆಳೆಯುತ್ತದೆ, ಅಂದರೆ ಸುತ್ತಿಗೆ ಆರು ಸ್ಟಿಚ್ ಸೇರಿಸಬೇಕು: 6, 12, 18, 24, 30. ಡಬಲ್ ಕ್ರೋಶಾ ಅದರ ಎರಡರಷ್ಟು ಎತ್ತರ, ಹಾಗಾಗಿ 12, 24, 36.

ಎರಡನೇ ಸುತ್ತಿನಲ್ಲಿ ಪ್ರತಿ ಸ್ಟಿಚ್ಚಿಗೂ ಎರಡೆರಡು. ಮೂರನೆಯದರಲ್ಲಿ ಒಂದು, ಎರಡು, ಒಂದು, ಎರಡು. ನಾಲ್ಕನೆಯದರಲ್ಲಿ ಒಂದು, ಒಂದು, ಎರಡು. ಎರಡೆರಡು ಹಾಕಿದ ಜಾಗ ಒಂದರ ಮೇಲೊಂದು ಬಿದ್ದರೆ ವೃತ್ತ ಆರುಮೂಲೆಯಾಗುತ್ತದೆ. ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಆ ಜಾಗವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ. ಸುತ್ತು ಎಲ್ಲಿ ಶುರುವಾಯಿತು ಅಂತ ನೋಡಿದರೆ ತಿಳಿಯುವುದಿಲ್ಲ, ಮೊದಲ ಸ್ಟಿಚ್ಚಿಗೆ ಪಿನ್ ಹಾಕಲೇಬೇಕು.

ಶುರುವಿಗೆ ಮ್ಯಾಜಿಕ್ ರಿಂಗ್ (ಎಳೆದರೆ ನಡುವೆ ಮುಚ್ಚಿಕೊಳ್ಳುವ ದಾರದ ಸುತ್ತು) ಕಷ್ಟವಾದರೆ 2 ಚೈನ್ ಹಾಕಿ ಕಡ್ಡಿಯಿಂದ ಎರಡನೆಯದಕ್ಕೆ ಆರೂ ಸಿಂಗಲ್ ಹಾಕಿ. ನಡುವೆ ಸಣ್ಣ ತೂತು ಉಳಿಯುತ್ತದೆ. ಹತ್ತಿ ತುಂಬುವ ಗೊಂಬೆಗಾದರೆ ಮ್ಯಾಜಿಕ್ ರಿಂಗೇ ಬೇಕು.

ಗೇಜ್ (ಇಂತಿಷ್ಟು ಅಳತೆಯಲ್ಲಿ ಎಷ್ಟು ಸ್ಟಿಚ್ ಬರುತ್ತದೆ ಅನ್ನೋದು) ನೋಡಲೇಬೇಕಾ?

ಮ್ಯಾಟ್, ತೋರಣ, ಗೊಂಬೆಗೆ ಬೇಡ. ತೊಡುವ ಬಟ್ಟೆಗೆ ಬೇಕೇ ಬೇಕು. 13 ಸೆಂ.ಮೀ. ತುಂಡು ಹಾಕಿ, ನಡುವಿನ 10 ಸೆಂ.ಮೀ.ನಲ್ಲಿ ಸ್ಟಿಚ್ ಎಣಿಸಿ. ಪ್ಯಾಟರ್ನ್ ಹೇಳಿದ್ದಕ್ಕಿಂತ ಹೆಚ್ಚು ಬಂದರೆ ದಪ್ಪ ಕಡ್ಡಿ, ಕಡಿಮೆ ಬಂದರೆ ಸಣ್ಣ ಕಡ್ಡಿ. 10 ಸೆಂ.ಮೀ.ಗೆ ಒಂದೇ ಸ್ಟಿಚ್ ವ್ಯತ್ಯಾಸ ಇದ್ದರೂ 100 ಸೆಂ.ಮೀ. ಎದೆ ಸುತ್ತಿಗೆ ಹತ್ತು ಸ್ಟಿಚ್ ಹೆಚ್ಚುಕಡಿಮೆ ಆಗುತ್ತದೆ.

ಮುಗಿಸುವುದು, ತುದಿ ಅಡಗಿಸುವುದು ಹೇಗೆ?

15 ಸೆಂ.ಮೀ. ಬಿಟ್ಟು ಕತ್ತರಿಸಿ, ಕೊನೆಯ ಕುಣಿಕೆಯೊಳಗಿಂದ ತುದಿ ಪೂರ್ತಿ ಎಳೆದುಬಿಡಿ. ಬರೀ ಗಂಟು ಹಾಕಿ ಕತ್ತರಿಸಿದರೆ ಎರಡು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಮೊಂಡು ಸೂಜಿಗೆ ಪೋಣಿಸಿ, ಹಿಂಬದಿಯ ಸ್ಟಿಚ್‌ಗಳೊಳಗೆ ನಾಲ್ಕು ಸೆಂ.ಮೀ. ಒಂದು ದಿಕ್ಕಿಗೆ, ಒಂದು ಎಳೆ ಬಿಟ್ಟು ವಾಪಸ್, ಮತ್ತೆ ಮುಂದಕ್ಕೆ ಹಾಯಿಸಿ ಕತ್ತರಿಸಿ.

ಅಂಚು ಸುರುಳಿ ಸುತ್ತಿದ್ದರೆ ಹತ್ತಿಯದನ್ನು ಒದ್ದೆ ಮಾಡಿ, ಟವೆಲ್ ಮೇಲೆ ಪಿನ್ ಚುಚ್ಚಿ ಒಣಗಿಸಿ. ಅಕ್ರಿಲಿಕ್‌ಗೆ ಇಸ್ತ್ರಿ ಮುಟ್ಟಿಸಲೇಬೇಡಿ. ಒಮ್ಮೆ ಕರಗಿ ಜೋತುಬಿದ್ದರೆ ಮತ್ತೆ ಸರಿಹೋಗುವುದಿಲ್ಲ.

ನನಗೆ ಬೇಕಿರುವುದು ಸೀರೆ ಕುಚ್ಚು. ಇಷ್ಟೆಲ್ಲ ಕಲಿಯಬೇಕಾ?

ಚೈನ್, ಸಿಂಗಲ್, ಡಬಲ್ ಸಾಕು. ಆದರೆ ಅವನ್ನು ಉಲ್ಲನ್‌ನಲ್ಲೇ ಕಲಿತು ಬನ್ನಿ. ಕುಚ್ಚಿಗೆ ಬಳಸುವ ರೇಷ್ಮೆ ಹೊಳಪಿನ ದಾರ ಹೆಚ್ಚಾಗಿ ರೇಯಾನ್, ಜಾರುತ್ತದೆ. ಎಳೆ ಬಿಡಿ ಬಿಡಿ ಇರುವುದರಿಂದ ಕೊಕ್ಕೆಗೆ ಎರಡು ಎಳೆ ಸಿಕ್ಕಿ ಉಳಿದವು ಹೊರಗೆ ಉಳಿಯುತ್ತವೆ. ಸಾಮಾನ್ಯವಾಗಿ 8ರಿಂದ 12 ಎಳೆ ಸೇರಿಸಿ, ಬಟ್ಟೆಯನ್ನು ಚುಚ್ಚಿ ಹೋಗುವಷ್ಟು ಸಣ್ಣ ಸ್ಟೀಲ್ ಕಡ್ಡಿಯಲ್ಲಿ ಹಾಕುತ್ತಾರೆ.

ಕೆಲಸಕ್ಕಿಂತ ಮುಂಚೆ ಲೆಕ್ಕ. ಸೆರಗಿನ ಅಂಚು ಮಡಚಿ ಹೊಲಿದಿರಲಿ ಅಥವಾ ಜಿಗ್‌ಜ್ಯಾಗ್ ಆಗಿರಲಿ. ಸೆರಗು 45 ಇಂಚು ಇದ್ದು ಅರ್ಧ ಇಂಚಿಗೊಂದು ಲಾಕ್ ಎಂದರೆ 90 ಮನೆ (ಎರಡು ಲಾಕ್ ನಡುವಿನ ಜಾಗ). ಡಿಸೈನ್ ಮೂರು ಮನೆಗೊಂದು ಆರ್ಚ್ (ಕಮಾನು) ಆದರೆ 30 ಆರ್ಚ್, ಸರಿಯಾಗಿ ಕೂರುತ್ತದೆ. ನಾಲ್ಕು ಮನೆಯ ಡಿಸೈನ್ ಆದರೆ ಕೊನೆಗೆ ಎರಡು ಮನೆ ಉಳಿದು ಅಂದಗೆಡುತ್ತದೆ. ಆಗ ಅಂತರ ಸ್ವಲ್ಪ ಹಿಗ್ಗಿಸಿ 88 ಮನೆ ಮಾಡಿಕೊಳ್ಳಿ. ಪೆನ್ಸಿಲ್‌ನಲ್ಲಿ ಹಿಂಬದಿಗೆ ಸಣ್ಣ ಚುಕ್ಕೆ ಇಟ್ಟುಕೊಂಡರೆ ಕಣ್ಣಂದಾಜಿನ ಗೋಜಿಲ್ಲ.

ಮೊದಲ ಸಾಲಿನಲ್ಲಿ ಎರಡು ಲಾಕ್ ನಡುವಿನ ಚೈನು ಆ ಅರ್ಧ ಇಂಚಿಗೆ ಸಮ ಇರಬೇಕು. ಚಿಕ್ಕದಾದರೆ ಸೆರಗು ನೆರಿಗೆ ಬೀಳುತ್ತದೆ, ಉದ್ದವಾದರೆ ಜೋತಾಡುತ್ತದೆ. ಎಷ್ಟು ಚೈನ್ ಅನ್ನೋದು ನಿಮ್ಮ ದಾರ, ನಿಮ್ಮ ಕೈ ನೋಡಿ ಗೊತ್ತಾಗುವಂಥದ್ದು. ಬ್ಲೌಸ್ ತುಂಡಿನ ಮೇಲೆ ಆರು ಇಂಚು ಹಾಕಿ ನೋಡಿ. ತೆಳ್ಳನೆ ರೇಷ್ಮೆಯಲ್ಲಿ ಕಡ್ಡಿ ಚುಚ್ಚಿದ ತೂತು ಹಾಗೇ ಉಳಿಯುವುದರಿಂದ ಮದುವೆ ಸೀರೆಯ ಮೇಲೆ ಅಭ್ಯಾಸ ಬೇಡವೇ ಬೇಡ. ದಾರವನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಲ್ಲಿ ಹಿಂಡಿ ಬಣ್ಣ ಬಿಡುತ್ತದಾ ಅಂತಲೂ ನೋಡಿ. ಕೆಂಪು, ಮೆರೂನ್ ದಾರಕ್ಕೆ ಈ ಪರೀಕ್ಷೆ ತಪ್ಪಿಸಬೇಡಿ.

ಬಾಗಿಲ ತೋರಣ ಯಾವಾಗ ಹಾಕಬಹುದು?

ಚೌಕ ನೆಟ್ಟಗೆ ಬಂದ ಮೇಲೆ. ಮೇಲಿನ ಪಟ್ಟಿಯನ್ನು ಸಿಂಗಲ್ ಕ್ರೋಶಾದಲ್ಲೇ ಹಾಕಿ, ಡಬಲ್‌ನಲ್ಲಿ ಹಾಕಿದ ಪಟ್ಟಿ ಇಳಿಬಿಟ್ಟ ಮಣಿ, ಹೂವುಗಳ ಭಾರಕ್ಕೆ ನಡುವೆ ಜೋಲುತ್ತದೆ. ಬಾಗಿಲಿನ ಅಗಲ ಅಳೆದು ಅದಕ್ಕಿಂತ ಒಂದೆರಡು ಇಂಚು ಕಡಿಮೆಗೇ ನಿಲ್ಲಿಸಿ. ತೂಗುಹಾಕಿದ ವಾರದಲ್ಲಿ ಅಷ್ಟು ಹಿಗ್ಗುತ್ತದೆ.

ಕೈ, ಕತ್ತು ನೋಯುತ್ತಿದೆ.

ಕಡ್ಡಿಯನ್ನು ಬಿಗಿಯಾಗಿ ಹಿಡಿದಿದ್ದೀರಿ, ಅಥವಾ ಕೆಲಸವನ್ನು ತೊಡೆಯ ಮೇಲಿಟ್ಟು ಬಗ್ಗಿ ನೋಡುತ್ತಿದ್ದೀರಿ. ತೊಡೆಯ ಮೇಲೆ ದಿಂಬು ಇಟ್ಟು ಕೆಲಸವನ್ನು ಎದೆಯ ಹತ್ತಿರಕ್ಕೆ ತನ್ನಿ. ಇಪ್ಪತ್ತು ನಿಮಿಷಕ್ಕೊಮ್ಮೆ ಕೈ ಬಿಟ್ಟು ಬೆರಳು ಚಾಚಿ. ರಬ್ಬರ್ ಹಿಡಿಯ ಕಡ್ಡಿ ನಿಜಕ್ಕೂ ಆರಾಮ, ದುಡ್ಡು ದಂಡವಲ್ಲ. ಬೆರಳು ಜುಮ್ಮೆನ್ನುತ್ತಿದ್ದರೆ, ರಾತ್ರಿಯೂ ನೋವಿದ್ದರೆ ಕಡ್ಡಿ ಕೆಳಗಿಟ್ಟು ಡಾಕ್ಟರನ್ನು ಕಾಣಿ.

ಇದರಿಂದ ಸಂಪಾದನೆ ಆಗುತ್ತದಾ?

ಆಂಧ್ರದ ನರಸಾಪುರದ ಸುತ್ತಮುತ್ತ ಸಾವಿರಾರು ಹೆಂಗಸರು ಕ್ರೋಶಾ ಲೇಸು ಹಾಕುತ್ತಾರೆ, ಮಾಲು ಹೊರದೇಶಕ್ಕೂ ಹೋಗುತ್ತದೆ. ಹಾಕುವವರ ಕೈಗೆ ಬರುವ ಕೂಲಿ ಮಾತ್ರ ಬಹಳ ಕಡಿಮೆ. ಕಾರಣ ಸರಳ: ಕ್ರೋಶಾ ಇಂದಿಗೂ ಪೂರ್ತಿ ಕೈಕೆಲಸ, ಗಂಟೆಗಟ್ಟಲೆ ಹಿಡಿಯುತ್ತದೆ, ಕೊಳ್ಳುವವರು ಆ ಗಂಟೆಗಳಿಗೆ ಬೆಲೆ ಕಟ್ಟುವುದಿಲ್ಲ. ಮಾರುವ ಯೋಚನೆ ಇದ್ದರೆ ಒಂದು ವಸ್ತುವಿಗೆ ಹಿಡಿದ ಹೊತ್ತನ್ನು ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ದಾರದ ಬೆಲೆಯನ್ನು ಎರಡರಿಂದ ಗುಣಿಸಿ ದರ ಹೇಳಬೇಡಿ. ನಮ್ಮ ಕಡೆ ಕುಚ್ಚಿಗೆ ಮಾತ್ರ ನಿಂತ ಬೇಡಿಕೆ ಇದೆ. ಮದುವೆ ಸೀಸನ್ನಿನಲ್ಲಿ ಟೈಲರ್ ಅಂಗಡಿಗಳೇ ಕೆಲಸ ಹಂಚುತ್ತವೆ. ಮೊದಲು ಒಂದು ಸೀರೆಗೆ ನಿಮಗೆ ಎಷ್ಟು ಗಂಟೆ ಹಿಡಿಯುತ್ತದೆ ಅಂತ ತಿಳಿದುಕೊಂಡು, ಆಮೇಲೆ ತಾರೀಖು ಒಪ್ಪಿಕೊಳ್ಳಿ.